ಊರಿನ ಟಿ.ಸಿ. ಊರಿನ ಅಮಾನತ್

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಾಲೆಯವರಿಗೆ ಟಿ.ಸಿ. ಎಂದರೆ ವರ್ಗಾವಣೆ ಪತ್ರ. ಅದು ಕಳೆದುಹೋದರೆ ಒಬ್ಬ ವಿದ್ಯಾರ್ಥಿಗೆ ತೊಂದರೆ. ನಮ್ಮ ರೈತರ ಬಾಯಲ್ಲಿ ಟಿ.ಸಿ. ಎಂದರೆ ಎರಡು ಕಂಬಗಳ ನಡುವೆ ಕುಳಿತಿರುವ ಕಬ್ಬಿಣದ ತೊಟ್ಟಿ, ಅಂದರೆ ವಿದ್ಯುತ್ ಪರಿವರ್ತಕ. ಅದು ಹೋದರೆ ಇಡೀ ಊರಿಗೆ ತೊಂದರೆ. ಇಂದು ನಾನು ಮಾತನಾಡುವುದು ಈ ಎರಡನೆಯ ಟಿ.ಸಿ.ಯ ಬಗ್ಗೆ. ಶಿಕ್ಷಣ ಸಂಘದ ವೇದಿಕೆಯಲ್ಲಿ ಕರೆಂಟಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ದಯವಿಟ್ಟು ಕೊನೆಯವರೆಗೂ ಕೇಳಿ.

ಕೆಲವು ವರ್ಷಗಳ ಹಿಂದೆ, ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಎರಡು ವಾರ ಉಳಿದಿದ್ದಾಗ, ನಮ್ಮ ಶಾಲೆಗೆ ಮಕ್ಕಳು ಬರುವ ಒಂದು ಹಳ್ಳಿಯ ಟಿ.ಸಿ.ಯನ್ನು ಕಳ್ಳರು ರಾತ್ರೋರಾತ್ರಿ ಕೆಳಗುರುಳಿಸಿದರು. ಎಣ್ಣೆಯನ್ನು ಮಣ್ಣಿಗೆ ಚೆಲ್ಲಿ, ಒಳಗಿನ ತಾಮ್ರದ ಸುರುಳಿಗಳನ್ನು ಕಿತ್ತುಕೊಂಡು ಹೋದರು. ಹೊಸದು ಬಂದು ಕೂರಲು ಆರು ದಿನ ಹಿಡಿಯಿತು. ಆ ಆರು ದಿನ ಕುಡಿಯುವ ನೀರಿನ ಟ್ಯಾಂಕ್ ಖಾಲಿ. ಮಸೀದಿಯ ಹೌಜ್ ಒಣಗಿ, ಜನ ಬೋರಿನ ಕೈಪಂಪಿನಿಂದ ಬಿಂದಿಗೆಯಲ್ಲಿ ನೀರು ತಂದು ವುಜೂ ಮಾಡಿದರು. ಹಿಟ್ಟಿನ ಗಿರಣಿ ನಿಂತು, ಹೆಂಗಸರು ಜೋಳದ ಚೀಲ ಹೊತ್ತು ಪಕ್ಕದ ಊರಿಗೆ ನಡೆದರು. ಆ ಊರಿನ ಹತ್ತನೆಯ ತರಗತಿಯ ಮಕ್ಕಳ ನೋಟುಪುಸ್ತಕಗಳ ಮೇಲೆ ನಾನು ಮೇಣದ ಹನಿಗಳನ್ನು ಕಂಡೆ. ಆಗ ನನಗೆ ಅನ್ನಿಸಿತು, ಇದು ವಿದ್ಯುತ್ ಇಲಾಖೆಯ ವಿಷಯವಷ್ಟೇ ಅಲ್ಲ, ಶಿಕ್ಷಣದ ವಿಷಯವೂ ಹೌದು.

ಟಿ.ಸಿ. ಏನು ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಹಳ್ಳಿಗೆ ಬರುವ ತಂತಿಯಲ್ಲಿ 11,000 ವೋಲ್ಟ್ ಒತ್ತಡವಿರುತ್ತದೆ. ಅದು ನೇರವಾಗಿ ಮನೆಗೆ ಬಂದರೆ ಮನೆಯೇ ಸುಟ್ಟುಹೋದೀತು. ಆ ಒತ್ತಡವನ್ನು ಪಂಪ್‌ಸೆಟ್ಟಿಗೆ ಬೇಕಾದ ಸುಮಾರು 400 ವೋಲ್ಟ್‌ಗೆ, ಮನೆಯ ದೀಪಕ್ಕೆ ಬೇಕಾದ ಸುಮಾರು 230 ವೋಲ್ಟ್‌ಗೆ ಇಳಿಸಿಕೊಡುವುದು ಈ ತೊಟ್ಟಿಯ ಕೆಲಸ. ಒಳಗೆ ತಾಮ್ರದ ಇಲ್ಲವೇ ಅಲ್ಯೂಮಿನಿಯಮ್ಮಿನ ಸುರುಳಿಗಳು, ಅವುಗಳ ಸುತ್ತ ಎಣ್ಣೆ. ಆ ಎಣ್ಣೆ ಸುರುಳಿಯನ್ನು ತಣ್ಣಗಿಡುತ್ತದೆ, ಕಿಡಿ ಹಾರದಂತೆಯೂ ತಡೆಯುತ್ತದೆ. ಎಣ್ಣೆಯನ್ನಷ್ಟೇ ಕದ್ದರೂ ಸುರುಳಿ ಕಾದು ಸುಟ್ಟುಹೋಗುತ್ತದೆ. ಕಳ್ಳನಿಗೆ ಸಿಗುವುದು ತೂಕಕ್ಕೆ ಮಾರುವ ಲೋಹದ ಬೆಲೆ. ಊರು ಕಳೆದುಕೊಳ್ಳುವುದು ಇಡೀ ಯಂತ್ರ, ಅದರ ಜೊತೆಗೆ ನೀರು, ಬೆಳೆ, ಓದು. ಗಂಗಾ ಕಲ್ಯಾಣ ಯೋಜನೆಯಲ್ಲಿ ಕೊಳವೆಬಾವಿ ಪಡೆದ ಬಡ ರೈತನ ಪಂಪು ಕೂಡ ಇದೇ ಟಿ.ಸಿ.ಯನ್ನು ನಂಬಿಕೊಂಡಿದೆ.

ಈ ತಂತಿಗಳು ನಮಗೆ ಸುಮ್ಮನೆ ಬಂದವಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದರು. ಅಷ್ಟು ಉದ್ದದ ವಿದ್ಯುತ್ ಮಾರ್ಗ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಅಲ್ಲಿಂದ ನಮ್ಮ ಹಳ್ಳಿಯ ಮೂಲೆಯ ಕಂಬದವರೆಗೆ ಬರಲು ಎಷ್ಟು ತಲೆಮಾರುಗಳ ದುಡಿಮೆ ಸೇರಿದೆ! ಅದನ್ನು ಹಾಳುಮಾಡಲು ಮಾತ್ರ ಒಂದು ರಾತ್ರಿ ಸಾಕು.

ಇದು ನಮ್ಮ ಹಳ್ಳಿಗಳ ಕಷ್ಟ ಮಾತ್ರವೂ ಅಲ್ಲ. 2013ರ ಏಪ್ರಿಲ್ 16ರ ನಸುಕಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಬಳಿ ಮೆಟ್‌ಕಾಫ್ ಎಂಬ ವಿದ್ಯುತ್ ಉಪಕೇಂದ್ರದ ಮೇಲೆ ಯಾರೋ ಗುಂಡು ಹಾರಿಸಿ, 17 ಪರಿವರ್ತಕಗಳನ್ನು ಕೆಡಿಸಿದರು. 2022ರ ಡಿಸೆಂಬರ್ 3ರಂದು ನಾರ್ತ್ ಕೆರೊಲಿನಾದ ಮೂರ್ ಕೌಂಟಿಯಲ್ಲಿ ಎರಡು ಉಪಕೇಂದ್ರಗಳಿಗೆ ಗುಂಡು ಹೊಡೆದಾಗ ಸುಮಾರು 45,000 ಗ್ರಾಹಕರಿಗೆ ಕರೆಂಟ್ ಹೋಯಿತು, ಚಳಿಗಾಲದಲ್ಲಿ ಶಾಲೆಗಳನ್ನು ಮುಚ್ಚಬೇಕಾಯಿತು. 2006ರ ಜೂನ್ 28ರಂದು ಗಾಜಾದ ಏಕೈಕ ವಿದ್ಯುತ್ ಸ್ಥಾವರದ ಆರು ಪರಿವರ್ತಕಗಳನ್ನು ಇಸ್ರೇಲಿನ ವಿಮಾನದಾಳಿ ನಾಶಮಾಡಿದಾಗ ಅಲ್ಲಿನ ಆಸ್ಪತ್ರೆಗಳೂ ನೀರಿನ ಪಂಪುಗಳೂ ಕಷ್ಟಕ್ಕೆ ಸಿಲುಕಿದವು. ದೂರದ ಊರಿನ ಕತ್ತಲೆಗೆ ನಾವು ಮರುಗುತ್ತೇವೆ, ದುಆ ಮಾಡುತ್ತೇವೆ. ಮರುಗಬೇಕಾದ್ದೇ. ಆದರೆ ನಮ್ಮ ಪಕ್ಕದ ಊರಿಗೆ ಕತ್ತಲೆ ತಂದ ತಾಮ್ರ ನಮ್ಮದೇ ಪೇಟೆಯ ತಕ್ಕಡಿಯ ಮೇಲೆ ಬಂದು ಕುಳಿತರೆ ನಾವೇನು ಮಾಡುತ್ತೇವೆ?

ಈ ಪ್ರಶ್ನೆಯನ್ನು ನನಗೆ ಕೇಳಿದವನು ಒಬ್ಬ ವಿದ್ಯಾರ್ಥಿ. ಶಾಲೆ ಬಿಟ್ಟ ಮೇಲೆ ಅವನು ತನ್ನ ಮಾಮುವಿನ ಗುಜರಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಟಿ.ಸಿ. ಕಳವಾದ ವಾರದಲ್ಲೇ ಒಂದು ದಿನ ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಸಾರ್, ನಿನ್ನೆ ಅಂಗಡಿಗೆ ಸುಟ್ಟ ತಾಮ್ರದ ತಂತಿ ಬಂದಿದೆ. ಎಣ್ಣೆ ವಾಸನೆ ಇದೆ. ನಾನು ಸುಮ್ಮನಿದ್ದರೆ ಗುನಾಹ್ ಆಗುತ್ತದೆಯೇ?" ಎಂದ.

ನಾನು ಆ ದಿನ ಅವನಿಗೆ ಸರಿಯಾದ ಉತ್ತರ ಕೊಡಲಿಲ್ಲ. "ನೋಡೋಣ, ನೀನು ಓದಿನ ಕಡೆ ಗಮನ ಕೊಡು" ಎಂದುಬಿಟ್ಟೆ. ಕಾರಣವನ್ನು ಮುಚ್ಚಿಡುವುದಿಲ್ಲ. ಆ ಅಂಗಡಿಯವರು ಒಳ್ಳೆಯವರು. ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಬಡ ಮಕ್ಕಳಿಗೆ ನೋಟುಪುಸ್ತಕ ಕೊಡಿಸುವವರು. ಅವರ ಮುಂದೆ ಈ ಮಾತನ್ನು ಹೇಗೆ ಎತ್ತುವುದು ಎಂದು ಹಿಂಜರಿದೆ. ಒಂದು ವಾರ ಕಳೆದು ಹೋದಾಗ ಆ ಸಾಮಾನು ಲಾರಿ ಹತ್ತಿ ಹೋಗಿತ್ತು. ಅದು ಆ ಟಿ.ಸಿ.ಯ ತಾಮ್ರವೇ ಅಲ್ಲವೇ ಎಂಬುದು ಇನ್ನು ತಿಳಿಯುವಂತಿಲ್ಲ. ಆ ಒಂದು ವಾರದ ಮೌನ ನನ್ನ ಲೆಕ್ಕದಲ್ಲಿ ಬರೆದಿದೆ.

ಕೊನೆಗೆ ಒಂದು ರಾತ್ರಿ ಇಶಾ ನಮಾಜಿನ ನಂತರ ಅವರ ಜೊತೆ ನಡೆಯುತ್ತಾ ವಿಷಯ ತೆಗೆದೆ. ಹುಡುಗನ ಹೆಸರು ಎತ್ತಲಿಲ್ಲ. ಅವರು ನಿಂತುಬಿಟ್ಟರು. "ಮಾಸ್ತರ್ ಸಾಬ್, ತಕ್ಕಡಿಗೆ ಬಂದ ಸಾಮಾನಿನ ಮೇಲೆ ಹೆಸರು ಬರೆದಿರುತ್ತದೆಯೇ? ನಾನು ಕೊಳ್ಳದಿದ್ದರೆ ಮುಂದಿನ ಅಂಗಡಿಯವನು ಕೊಳ್ಳುತ್ತಾನೆ. ನನ್ನ ಮಕ್ಕಳ ಹೊಟ್ಟೆಗೆ ನೀವು ಕೊಡುತ್ತೀರಾ?" ಎಂದರು.

ನಾನು ಅವರಿಗೆ ಹೇಳಿದ್ದು ಪ್ರವಾದಿ ಮುಹಮ್ಮದ್ (ಸ) ಕೊಟ್ಟ ಹಡಗಿನ ಉಪಮೆಯನ್ನು. ನೀವೆಲ್ಲ ಮದರಸಾದಲ್ಲಿ ಕೇಳಿದ್ದೀರಿ. ಒಂದೇ ಹಡಗಿನಲ್ಲಿ ಕೆಲವರು ಮೇಲೆ, ಕೆಲವರು ಕೆಳಗೆ. ನೀರಿಗಾಗಿ ಮೇಲೆ ಹೋಗಿ ಬರುವ ಕೆಳಗಿನವರು, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಂಡರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. "ಚಾಚಾ, ಈ ಕರೆಂಟಿನ ತಂತಿಯೇ ನಮ್ಮೂರಿನ ಹಡಗು. ಕದ್ದವನು ತೂತು ಕೊರೆದ. ಕೊಂಡವನು ಅವನ ಕೈಗೆ ಉಳಿ ಕೊಟ್ಟ. ಕಂಡೂ ಸುಮ್ಮನಿದ್ದ ನಾನು ಪಕ್ಕದಲ್ಲಿ ಕುಳಿತು ನೋಡಿದೆ" ಎಂದೆ. ಅವರು ಮೂರು ವಾರ ನನ್ನೊಂದಿಗೆ ಮಾತು ಬಿಟ್ಟರು.

ಗುಜರಿ ವ್ಯಾಪಾರ ಗೌರವದ ದುಡಿಮೆ. ಎಸೆದದ್ದನ್ನು ಮತ್ತೆ ಬಳಕೆಗೆ ತರುವ ಈ ಕೆಲಸವನ್ನು ಎಲ್ಲ ಸಮುದಾಯದವರೂ ಮಾಡುತ್ತಾರೆ, ನಮ್ಮವರೂ ಇದ್ದಾರೆ. ನಿಯತ್ತಿನಿಂದ ದುಡಿಯುವ ನೂರು ಜನರ ಹೆಸರು ಒಬ್ಬ ಕಣ್ಣು ಮುಚ್ಚಿಕೊಂಡರೆ ಕೆಡುತ್ತದೆ. ಕಾನೂನು ಕೂಡ ಇಲ್ಲಿ ಬಹಳ ಸ್ಪಷ್ಟ. 2003ರ ವಿದ್ಯುಚ್ಛಕ್ತಿ ಕಾಯಿದೆಯ 136ನೆಯ ಕಲಮಿನ ಪ್ರಕಾರ ವಿದ್ಯುತ್ ತಂತಿ ಅಥವಾ ಸಾಮಗ್ರಿಯನ್ನು ಕಳ್ಳತನದಿಂದ ಕತ್ತರಿಸುವುದು ಮಾತ್ರವಲ್ಲ, ಮಾಲೀಕರ ಒಪ್ಪಿಗೆಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು, ಸಾಗಿಸುವುದು ಕೂಡ ಅಪರಾಧ. ಮೊದಲ ಸಲ ಮೂರು ವರ್ಷದವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಕನಿಷ್ಠ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆ, ಜೊತೆಗೆ ಕನಿಷ್ಠ 10,000 ರೂಪಾಯಿ ದಂಡ. ಬಂದ್, ಗಲಾಟೆಗಳಲ್ಲಿ ವಿದ್ಯುತ್ ಸ್ಥಾವರಕ್ಕೆ ಹಾನಿ ಮಾಡುವವರಿಗೂ ಒಂದು ಮಾತು: 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯಿದೆಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಕಠಿಣ ಸಜೆಯಿದೆ. ಒಂದು ಕ್ಷಣದ ಆವೇಶಕ್ಕೆ ಒಬ್ಬ ಯುವಕನ ನೌಕರಿಯ ದಾರಿಯೇ ಮುಚ್ಚಿಹೋಗಬಹುದು.

ಬೇರೆಯವರ ತಪ್ಪನ್ನು ಹೇಳುವುದು ಸುಲಭ. ನಮ್ಮ ಕೈಯನ್ನೂ ನೋಡಿಕೊಳ್ಳೋಣ. ಉರ್ಸ್, ಮೀಲಾದ್, ಮದುವೆ ಬಂದರೆ ಕಂಬದ ತಂತಿಗೆ ಕೊಕ್ಕೆ ಹಾಕಿ ಸೀರಿಯಲ್ ಸೆಟ್ ಉರಿಸುವುದುಂಟು. ಕದ್ದ ಬೆಳಕಿನಿಂದ ಪ್ರವಾದಿಯವರ (ಸ) ಮೇಲಿನ ಪ್ರೀತಿ ತೋರಿಸಬಹುದೇ? ಅದು ಕಳ್ಳತನ, ಅಲ್ಲದೆ ಹೊರೆ ಹೆಚ್ಚಾಗಿ ಟಿ.ಸಿ. ಸುಡುವುದೂ ಅದರಿಂದಲೇ. ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಕೊಟ್ಟು ಹಣ ಕಟ್ಟಿದರೆ ಹಲಾಲ್ ಬೆಳಕು ಬರುತ್ತದೆ. ಮೆರವಣಿಗೆಯಲ್ಲಿ ಕಬ್ಬಿಣದ ಕೋಲಿಗೆ ಧ್ವಜ ಕಟ್ಟಿ ತಂತಿಯ ಕೆಳಗೆ ಎತ್ತಬೇಡಿ. ಹುಡುಗರೇ, ಕಂಬದ ಮೇಲಿನ ಪಿಂಗಾಣಿ ಬಟ್ಟಲಿಗೆ ಗುರಿಯಿಟ್ಟು ಕಲ್ಲು ಹೊಡೆಯುವುದು ಆಟವಲ್ಲ. ಅದು ಒಡೆದರೆ ತಂತಿಯ ಕರೆಂಟು ಕಂಬಕ್ಕೆ ಇಳಿಯಬಹುದು, ಮಳೆಯಲ್ಲಿ ಆ ಕಂಬ ಮುಟ್ಟಿದವರ ಪ್ರಾಣ ಹೋಗಬಹುದು. ತಂತಿಗೆ ಸಿಕ್ಕ ಗಾಳಿಪಟ ಹೋದರೆ ಹೋಗಲಿ, ಹತ್ತಬೇಡಿ. ಕಂಬವನ್ನು ಬಿಗಿಹಿಡಿದ ಗೈ ವೈರಿಗೆ ಎಮ್ಮೆ ಕಟ್ಟಬೇಡಿ ಎಂದು ಮನೆಯ ಹಿರಿಯರಿಗೂ ಹೇಳಿ.

ಹಾಗಾದರೆ ಕಾಯುವುದು ಹೇಗೆ? ಟಿ.ಸಿ.ಯ ಬಳಿ ಅಪರಿಚಿತ ವಾಹನ, ನೆಲದ ಮೇಲೆ ಎಣ್ಣೆ, ತುಂಡಾದ ತಂತಿ ಕಂಡರೆ ದೂರದಲ್ಲೇ ನಿಂತು 1912 ಎಂಬ ವಿದ್ಯುತ್ ಸಹಾಯವಾಣಿಗೆ, ಕಳ್ಳತನವೆನಿಸಿದರೆ 112ಕ್ಕೆ ಕರೆ ಮಾಡಿ. ನಿಮ್ಮ ಊರಿನ ಲೈನ್‌ಮನ್ ನಂಬರನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ನೀವಾಗಿ ತಂತಿ ಮುಟ್ಟಬೇಡಿ, ಕಳ್ಳನ ಹಿಂದೆ ಓಡಬೇಡಿ. ಅನುಮಾನದ ಮೇಲೆ ಯಾರಿಗೂ ಕೈ ಎತ್ತಬೇಡಿ. ಏಕೆಂದರೆ ಇಂಥ ಹೊತ್ತಿನಲ್ಲಿ ಮೊದಲು ಅನುಮಾನಕ್ಕೆ ಗುರಿಯಾಗುವವರು ಚಿಂದಿ ಆಯುವ ಬಡವರು, ದಾರಿಹೋಕರು. ಹೊಡೆತ ತಿಂದವನು ನಿರಪರಾಧಿಯಾದರೆ ಅಲ್ಲಾಹನ ಮುಂದೆ ಏನು ಹೇಳುತ್ತೀರಿ? ತನಿಖೆ ಪೊಲೀಸರ ಕೆಲಸ, ಸಾಕ್ಷಿ ಹೇಳುವುದು ನಮ್ಮ ಕೆಲಸ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಪೇಟೆಯ ಗುಜರಿ ವ್ಯಾಪಾರಿಗಳನ್ನು ಒಮ್ಮೆ ಕರೆದು ಗೌರವದಿಂದ ಕೂರಿಸಿ ಮಾತನಾಡಿ. ಸುಟ್ಟ ತಾಮ್ರ, ವಿದ್ಯುತ್ ತಂತಿ, ಟವರಿನ ಕಬ್ಬಿಣ ಬಂದರೆ ಎಲ್ಲರೂ ಕೂಡಿ ನಿರಾಕರಿಸಲಿ, ಮಾರಲು ಬಂದವರ ಹೆಸರು, ವಿಳಾಸ ಬರೆದುಕೊಳ್ಳಲಿ. ಆಗ ಮುಂದಿನ ಅಂಗಡಿಯವನು ಕೊಳ್ಳುತ್ತಾನೆ ಎಂಬ ಮಾತಿಗೆ ಎಡೆ ಇರುವುದಿಲ್ಲ. ಕೊಳ್ಳುವವರಿಲ್ಲದ ಮಾಲನ್ನು ಯಾರು ಕದಿಯುತ್ತಾರೆ?

ನಾನು ಹೇಳಿದ ಆ ಚಾಚಾ ಏನಾದರು ಎಂದು ನೀವು ಕೇಳುವಿರಿ. ಮೂರು ವಾರದ ನಂತರ ಜುಮಾ ದಿನ ಅವರೇ ಸಲಾಮ್ ಹೇಳಿದರು. "ನಿಮ್ಮ ಶಿಷ್ಯನಿಗೆ ಒಂದು ದೊಡ್ಡ ರಿಜಿಸ್ಟರ್ ತಂದುಕೊಟ್ಟಿದ್ದೇನೆ, ಮಾಸ್ತರ್ ಸಾಬ್. ಹೆಸರು ಬರೆಸದವನ ಸಾಮಾನು ತಕ್ಕಡಿಗೆ ಏರುವುದಿಲ್ಲ" ಎಂದರು. ವ್ಯಾಪಾರ ಸ್ವಲ್ಪ ಕಡಿಮೆಯಾಗಿದೆ ಎಂದೂ ಹೇಳಿದರು. ಆ ಜೂನ್‌ನಲ್ಲಿ ಅವರು ಕೊಡಿಸಿದ ನೋಟುಪುಸ್ತಕಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಡಿಮೆಯಿತ್ತು. ನಾನು ಅವನ್ನು ಹೆಚ್ಚು ಸಂತೋಷದಿಂದ ಹಂಚಿದೆ.

ನಾನು ಉರ್ದುವನ್ನೂ ಕನ್ನಡವನ್ನೂ ಕಲಿಸುವವನು. ಎರಡೂ ಭಾಷೆಯಲ್ಲಿರುವ ಒಂದು ಪದ ಹೇಳಿ ಮುಗಿಸುತ್ತೇನೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿಕೆಯಿಂದ ನಮ್ಮ ವಶಕ್ಕೆ ಕೊಟ್ಟ ವಸ್ತು. ಕನ್ನಡ ಪತ್ರಿಕೆಯಲ್ಲಿ ಅಮಾನತ್ತು ಎಂದರೆ ಕೆಲಸದಿಂದ ತಡೆಹಿಡಿಯುವುದು. ಊರಿನ ಟಿ.ಸಿ.ಯನ್ನು ಉರ್ದುವಿನ ಅಮಾನತ್ ಎಂದು ಕಾಯದಿದ್ದರೆ, ಕನ್ನಡದ ಅರ್ಥದಲ್ಲಿ ಇಡೀ ಊರೇ ಅಮಾನತ್ತಾಗುತ್ತದೆ. ಇಂದು ಮನೆಗೆ ಹೋಗುವಾಗ ನಿಮ್ಮ ಬೀದಿಯ ಟಿ.ಸಿ. ಎಲ್ಲಿದೆ ಎಂದು ಒಮ್ಮೆ ನೋಡಿ. ಯಾರಾದರೂ ಹುಡುಗ ಬಂದು "ನಾನು ಸುಮ್ಮನಿದ್ದರೆ ಗುನಾಹ್ ಆಗುತ್ತದೆಯೇ?" ಎಂದು ಕೇಳಿದರೆ, ನನ್ನ ಹಾಗೆ ಒಂದು ವಾರ ತಡಮಾಡಬೇಡಿ.

ಅಲ್ಲಾಹನು ನಮ್ಮೆಲ್ಲರಿಗೂ ಅಮಾನತ್ತನ್ನು ಕಾಯುವ ಶಕ್ತಿಯನ್ನೂ ಸತ್ಯ ಹೇಳುವ ಧೈರ್ಯವನ್ನೂ ದಯಪಾಲಿಸಲಿ. ಆಮೀನ್.