ಹಲಗಲಿಯ ಒಂದು ರಾತ್ರಿ
(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



1857 ಎಂದೊಡನೆ ನಾವು ಮೀರತ್, ಝಾನ್ಸಿಗಳನ್ನು ನೆನೆಯುತ್ತೇವೆ. ಮುಧೋಳ ಸಂಸ್ಥಾನದ ಹಲಗಲಿ ಎಂಬ ಸಣ್ಣ ಊರು ನೆನಪಾಗುವುದು ಅಪರೂಪ. ಮುಧೋಳ ಘೋರ್ಪಡೆಯವರದು, ನಮ್ಮ ಜತ್ತ ಡಫಳೆಯವರದು. ಎರಡೂ ಆಂಗ್ಲರ ಅಂಕೆಯಲ್ಲಿದ್ದ ಸಂಸ್ಥಾನಗಳೇ. ಆದ್ದರಿಂದ ಆ ಕಥೆಯನ್ನು ನಾವು ಪರರದೆಂದು ಹೇಳಲಾರೆವು.

ಆ ವರ್ಷ ನಿಶ್ಶಸ್ತ್ರೀಕರಣದ ಕಾಯಿದೆ ಬಂದಿತು. ಪರವಾನಗಿಯಿಲ್ಲದ ಆಯುಧಗಳನ್ನೆಲ್ಲ ಸರಕಾರಕ್ಕೆ ಒಪ್ಪಿಸಬೇಕು. ಪೇಟೆಯ ವರ್ತಕನಿಗೆ ಇದು ಒಂದು ಕಾಗದದ ಮಾತು. ಬೇಡರಿಗೆ ಹಾಗಲ್ಲ: ಬೇಟೆಯೂ ಕಾವಲೂ ಆಯುಧದಿಂದಲೇ, ಮಾನವೂ ಅದರಿಂದಲೇ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾಳುಗಳೊಡನೆ ಊರು ಕೊಡೆವೆಂದು ನಿಂತಿತು. ಸಂಸ್ಥಾನದ ಕಾರಭಾರಿಗಳ ಬುದ್ಧಿಮಾತು ಫಲಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಕುದುರೆ ದಂಡು ಬಂದು ಊರನ್ನು ಮುತ್ತಿತು. ಬೇಡರು ಮನೆಗಳ ಮರೆಯಿಂದ ಕಾದಿದರು. ದಂಡು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಜನರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು: ಹದಿಮೂವರನ್ನು ಮುಧೋಳದಲ್ಲಿ, ಸಂತೆಯ ದಿನ, ಎಲ್ಲರೂ ನೋಡಲೆಂದು, ಉಳಿದ ಆರು ಜನರನ್ನು ಅವರ ಊರಾದ ಹಲಗಲಿಯಲ್ಲಿಯೇ.

ಯುದ್ಧವೆಂಬುದಿಷ್ಟೇ. ದೊಡ್ಡ ಇತಿಹಾಸಗ್ರಂಥಗಳಲ್ಲಿ ಇದಕ್ಕೆ ಒಂದು ಪುಟವೂ ಸಿಗಲಾರದು. ಆದರೆ ಕುರ್ತಕೋಟಿಯ ಕಲ್ಮೇಶನನ್ನು ಸ್ಮರಿಸಿ, ತನ್ನ ಹೆಸರನ್ನು ಹೇಳದೆ, ಒಬ್ಬ ಲಾವಣಿಕಾರನು ಇದನ್ನು ಹಾಡಿದನು. ಅವನು ವೀರರನ್ನು ಹೊಗಳುತ್ತಾನೆ, ಅದು ಸಹಜ. ನಮ್ಮನ್ನು ತಡೆದು ನಿಲ್ಲಿಸುವುದು ಬೇರೊಂದು ಭಾಗ. ದಂಡಿನವರು ದೋಚಿದ ಸಾಮಾನುಗಳನ್ನು ಅವನು ಒಂದೊಂದಾಗಿ ಎಣಿಸುತ್ತಾನೆ: ಉಪ್ಪು, ಎಣ್ಣೆ, ಬೆಲ್ಲ, ಬೀಸುವ ಕಲ್ಲು, ಹೆಣ್ಣುಮಕ್ಕಳ ಮಂಗಳಸೂತ್ರ. ಸರಕಾರದ ವರದಿಯು ಸತ್ತವರನ್ನೂ ಸೆರೆಯವರನ್ನೂ ಎಣಿಸೀತು. ಬೀಸುವ ಕಲ್ಲನ್ನು ಎಣಿಸುವುದಿಲ್ಲ. ಆ ಪಟ್ಟಿಯನ್ನು ಕೇಳಿದವರಿಗೆ ಮರುದಿನ ಬೆಳಗ್ಗೆ ಆ ಊರಿನಲ್ಲಿ ಒಲೆ ಹೇಗೆ ಹೊತ್ತೀತೆಂಬ ಚಿಂತೆ ಹತ್ತುತ್ತದೆ.

ಗಡಿಯ ಈಚೆಗಿರುವ ನಮ್ಮ ಮಕ್ಕಳು ಶಿವಾಜಿ ಮಹಾರಾಜರ ಪೊವಾಡವನ್ನು ಅಭಿಮಾನದಿಂದ ಕೇಳುತ್ತಾರೆ, ಕೇಳಲೇಬೇಕು. ಅದೇ ಮಕ್ಕಳಿಗೆ ಹಲಗಲಿಯ ಲಾವಣಿಯನ್ನು ಅದರ ಸ್ವಂತ ಮಾತಿನಲ್ಲಿ ತಿಳಿಯುವ ಕಿವಿಯಿದೆ. 'ಗಂಗಾಳ', 'ಚರಗಿ', 'ತಂಬಿಗಿ' ಎಂದರೇನೆಂದು ಬೆಂಗಳೂರಿನ ವಿದ್ಯಾರ್ಥಿಗೆ ಟಿಪ್ಪಣಿ ಬೇಕಾದೀತು. ನಮ್ಮ ಮಕ್ಕಳು ಬೆಳಗ್ಗೆ ಆ ತಂಬಿಗಿಯ ನೀರಿನಿಂದಲೇ ಮುಖ ತೊಳೆದು ಈ ಶಾಲೆಗೆ ಬಂದಿರುತ್ತಾರೆ.