ಕಂತಿನ ಮೋಟಾರು ಸೈಕಲ್ಲು ಮತ್ತು ಊರಿನ ದಾರಿ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಂಜೆಯ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ಮೇಜಿನ ಮುಂದೆ ವಿದ್ವಾಂಸರು ನಿಂತು ಮಾತಾಡಿದ್ದಾರೆ. ನಾನಾದರೋ ಎಸ್ಸೆಸ್ಸೆಲ್ಸಿ ಮುಗಿಸಿ ಸೆಂಗುಂಡ್ರಂ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ವಾರಕ್ಕೆ ಎರಡು ದಿನ ಇಲ್ಲಿ ಪತ್ರಿಕೆಗಳನ್ನು ಕಟ್ಟಿಡುವವನು. ಆದರೆ ನಾನು ಹೊಸ ಮೋಟಾರು ಸೈಕಲ್ಲು ಕೊಂಡ ದಿನದಿಂದ, ಪತ್ರಿಕೆ ಓದಲು ಬಂದವರೆಲ್ಲ ಪತ್ರಿಕೆ ಬಿಟ್ಟು ನನ್ನನ್ನೇ ಓದತೊಡಗಿದ್ದಾರೆ. "ಎಷ್ಟು ಬಿತ್ತು? ಎಷ್ಟು ಕೊಡುತ್ತದೆ? ಊರಿಗೆ ಹೋಗಬಹುದೇ?" ಎಂಬ ಮೂರು ಪ್ರಶ್ನೆಗಳಿಗೆ ಒಬ್ಬೊಬ್ಬರಿಗೇ ಉತ್ತರ ಹೇಳಿ ಗಂಟಲು ಸೋತಿದೆ. ಎಲ್ಲರಿಗೂ ಒಮ್ಮೆಲೇ ಹೇಳಿಬಿಡು ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಅದರಂತೆ ನಿಂತಿದ್ದೇನೆ.

ನಾನು ಕೊಂಡದ್ದು ರಾಯಲ್ ಎನ್‌ಫೀಲ್ಡ್ ಕಂಪನಿಯ ಮೀಟಿಯಾರ್ 350. ದೂರದ ಪ್ರಯಾಣಕ್ಕೆಂದೇ, ಕಾಲು ಮುಂದೆ ಚಾಚಿ ಆರಾಮವಾಗಿ ಕೂರುವಂತೆ ಮಾಡಿರುವ ಬಂಡಿ. 2020ರ ನವೆಂಬರಿನಲ್ಲಿ ಮೊದಲು ಮಾರುಕಟ್ಟೆಗೆ ಬಂತು. ಇದು ಈ ಊರಿನದೇ ಸರಕು ಎನ್ನಬೇಕು. 1955ರಲ್ಲಿ ಇಂಗ್ಲೆಂಡಿನ ರೆಡಿಚ್ ಕಂಪನಿಯೂ ಇಲ್ಲಿಯ ಮದ್ರಾಸ್ ಮೋಟಾರ್ಸ್‌ನವರೂ ಸೇರಿ ಎನ್‌ಫೀಲ್ಡ್ ಇಂಡಿಯಾ ಎಂಬ ಸಂಸ್ಥೆ ಕಟ್ಟಿ, ತಿರುವೊಟ್ರಿಯೂರಿನಲ್ಲಿ ಕಾರ್ಖಾನೆ ನಡೆಸಿದರು. ಇಂಗ್ಲೆಂಡಿನ ತಯಾರಿಕೆ 1970ರ ಹೊತ್ತಿಗೆ ನಿಂತುಹೋಯಿತು. ತಾಯಿಬೇರು ಒಣಗಿದರೂ ಇಲ್ಲಿ ನೆಟ್ಟ ಕೊಂಬೆ ಮರವಾಯಿತು. 1994ರಲ್ಲಿ ಐಷರ್ ಸಂಸ್ಥೆಯವರ ಕೈ ಸೇರಿತು. ಈಗ ಒರಗಡಂನಲ್ಲಿಯೂ ವಲ್ಲಂ ವಡಗಾಲ್‌ನಲ್ಲಿಯೂ ದೊಡ್ಡ ಕಾರ್ಖಾನೆಗಳಿವೆ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ನಮ್ಮ ಹಿರಿಯ ಸದಸ್ಯರೊಬ್ಬರು ಮೈಸೂರಿನವರು. "ಕನ್ನಡಿಗನಾಗಿ ಎಜ್ಡಿ ಕೊಳ್ಳದೆ ಇದೇನಯ್ಯಾ?" ಎಂದು ಗದರಿಸಿದರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಅಲ್ಲಿ ದುಡಿದ ಕೈಗಳ ನೆನಪು ಅವರಿಗೆ ಇನ್ನೂ ಬಿಸಿಯಾಗಿದೆ. ಆ ಹೆಸರು ಮತ್ತೆ ಬಂದಿದೆ, 2022ರಿಂದ ಹೊಸ ಎಜ್ಡಿಗಳು ರಸ್ತೆಯಲ್ಲಿವೆ, ಆದರೆ ಮೈಸೂರಿನ ಆ ಕಾರ್ಖಾನೆ ಮರಳಲಿಲ್ಲ. ಅಭಿಮಾನಕ್ಕೆ ನನ್ನ ನಮಸ್ಕಾರ. ಕಂತು ಕಟ್ಟುವವನು ಮಾತ್ರ ತನ್ನ ಬೀದಿಗೆ ಹತ್ತಿರದಲ್ಲಿ ರಿಪೇರಿ ಎಲ್ಲಿ ಆಗುತ್ತದೆ ಎಂದು ಮೊದಲು ನೋಡುತ್ತಾನೆ.

ಇನ್ನು ಹಣದ ಮಾತು. 350 ಸಿ.ಸಿ.ವರೆಗಿನ ಮೋಟಾರು ಸೈಕಲ್ಲುಗಳ ಮೇಲಿನ ಜಿ.ಎಸ್.ಟಿ. ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರಿಂದ 18ಕ್ಕೆ ಇಳಿಸಿದರು. ಈ ಬಂಡಿಯ ಎಂಜಿನ್ನು 349 ಸಿ.ಸಿ. ಒಂದೇ ಒಂದು ಸಿ.ಸಿ.ಯ ಅಂತರದಲ್ಲಿ ಬೇಲಿಯ ಒಳಗೆ ಉಳಿಯಿತು! 350ನ್ನು ದಾಟಿದವುಗಳಿಗೆ ನೂರಕ್ಕೆ 40. ತೆರಿಗೆ ಇಳಿದದ್ದೇ ನೆಪವಾಗಿ, ಎರಡು ವರ್ಷದಿಂದ ಮುಂದೂಡುತ್ತಿದ್ದವನು ಆಯುಧಪೂಜೆ ಕಳೆದ ವಾರದಲ್ಲಿ ಅಂಗಡಿಯ ಮೆಟ್ಟಿಲು ಹತ್ತಿದೆ. ಅಂಗಡಿಯ ಬೆಲೆ ಎರಡು ಲಕ್ಷದೊಳಗೇ ಇದೆ ಎಂದು ಹಿಗ್ಗಿದ್ದೆ. ನೋಂದಣಿ, ರಸ್ತೆ ತೆರಿಗೆ, ವಿಮೆ, ಹಿಂಬದಿಗೆ ಒರಗು, ಹೆಲ್ಮೆಟ್ಟು ಎರಡು ಎಂದು ಕೂಡಿದಾಗ ಎರಡು ಲಕ್ಷದ ಮೂವತ್ತೈದು ಸಾವಿರ ಮುಟ್ಟಿತು. ಎಪ್ಪತ್ತು ಸಾವಿರ ಕೈಯಿಂದ ಕೊಟ್ಟೆ. ಉಳಿದದ್ದಕ್ಕೆ ತಿಂಗಳಿಗೆ 5,400ರಂತೆ 36 ಕಂತು. ನನ್ನ ಸಂಬಳದ ಐದರಲ್ಲಿ ಒಂದು ಪಾಲು ಎಂದರೆ ನೀವೇ ಸಂಬಳವನ್ನು ಲೆಕ್ಕ ಹಾಕಿಕೊಳ್ಳಿ. ನಾನು ಸಭೆಯಲ್ಲಿ ಹೇಳುವುದಿಲ್ಲ.

ಆ ಎಪ್ಪತ್ತು ಸಾವಿರ ಎಲ್ಲಿಂದ ಬಂತೆಂಬುದನ್ನೂ ಮುಚ್ಚಿಡಬಾರದು. ಊರಿನ ಮನೆಯ ಹಿಂಭಾಗದ ಸೂರು ಸೋರುತ್ತದೆ. ಅದನ್ನು ಎತ್ತಿ ಕಟ್ಟಿಸಲು ಕೂಡಿಟ್ಟಿದ್ದ ಹಣ. ತಾಯಿಗೆ ಹೇಳದೆ ತೆಗೆದೆ.

ಬಂಡಿಯ ಗುಣವನ್ನು ಹೇಳುತ್ತೇನೆ. ಎಂಜಿನ್ನಿನ ಸಿಲಿಂಡರಿನ ಅಡ್ಡಗಲ 72 ಮಿಲಿಮೀಟರು, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 85.8. ಅಂದರೆ ಅಗಲಕ್ಕಿಂತ ಉದ್ದ ಹೆಚ್ಚು. ಇಂಥ ಎಂಜಿನ್ನು ಫ್ಯಾನಿನಂತೆ ಗಿರ್ರೆಂದು ತಿರುಗುವುದಿಲ್ಲ, ನಮ್ಮ ಗಿರಣಿಯ ದೊಡ್ಡ ಚಕ್ರದಂತೆ ನಿಧಾನವಾಗಿ, ಆದರೆ ಭಾರವನ್ನು ಹೊತ್ತು ತಿರುಗುತ್ತದೆ. 20 ಕುದುರೆ ಶಕ್ತಿ ಎಂದರೆ ಈ ಕಾಲಕ್ಕೆ ದೊಡ್ಡದೇನಲ್ಲ. ಇದಕ್ಕಿಂತ ಸಣ್ಣ ಎಂಜಿನ್ನಿನ ಬಂಡಿಗಳು ನನ್ನನ್ನು ಹಿಂದೆ ಹಾಕಿ ಹೋಗುತ್ತವೆ, ಹೋಗಲಿ. ಇದರ ಎಳೆಯುವ ಬಲವೆಲ್ಲ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ಆಸುಪಾಸಿನಲ್ಲೇ ಸಿಗುವುದರಿಂದ, ಐದನೆಯ ಗೇರಿನಲ್ಲಿ ಗಂಟೆಗೆ 75-80 ಕಿಲೋಮೀಟರಿನಲ್ಲಿ ಬಿಟ್ಟರೆ ಹೊಟ್ಟೆ ತುಂಬಿದ ಎತ್ತಿನಂತೆ ಹೋಗುತ್ತಲೇ ಇರುತ್ತದೆ. ನೂರರ ಮೇಲೆ ಏರಿಸಿದರೆ ಬಂಡಿ ಒಪ್ಪಿದರೂ ಗಾಳಿ ಒಪ್ಪುವುದಿಲ್ಲ, ಎದೆಗೆ ಗುದ್ದುತ್ತದೆ.

ಸೀಟಿನ ಎತ್ತರ 765 ಮಿಲಿಮೀಟರು. ನನ್ನಂಥ ಕುಳ್ಳನ ಎರಡು ಪಾದಗಳೂ ನೆಲಕ್ಕೆ ಊರುತ್ತವೆ. ತೂಕ ಮಾತ್ರ 191 ಕಿಲೋ. ಎರಡು ದೊಡ್ಡ ಅಕ್ಕಿ ಮೂಟೆಗೆ ಹತ್ತಿರ ಹತ್ತಿರ. ಓಡುವಾಗ ಈ ಭಾರ ತಿಳಿಯುವುದಿಲ್ಲ, ನಿಂತಾಗ ತಿಳಿಯುತ್ತದೆ. ಕೊಂಡ ನಾಲ್ಕನೆಯ ದಿನ, ನಮ್ಮ ತಿರುವಲ್ಲಿಕ್ಕೇಣಿಯ ಸಂದಿಯಲ್ಲಿ ಹಸುವೊಂದು ಅಡ್ಡ ನಿಂತಿತ್ತು. ಅದನ್ನು ಬಳಸಿ ತಿರುಗಿಸಹೋದೆ. ಕಾಲಿಟ್ಟದ್ದು ಅದೇ ಹಸುವಿನ ಸಗಣಿಯ ಮೇಲೆ. ಬಂಡಿ ಒಂದು ಕಡೆ, ನಾನು ಒಂದು ಕಡೆ, ಹಸು ಮಾತ್ರ ಇದ್ದಲ್ಲೇ. ಹೂ ಮಾರುವವರೊಬ್ಬರು, ಮ್ಯಾನ್ಷನ್ನಿನ ಕಾವಲುಗಾರರೊಬ್ಬರು ಸೇರಿ ಎತ್ತಿಕೊಟ್ಟರು. ತಪ್ಪು ಬಂಡಿಯದೂ ಅಲ್ಲ, ಹಸುವಿನದೂ ಅಲ್ಲ. ಇಂಥ ಭಾರದ ಬಂಡಿಯನ್ನು ಸಂದಿಯಲ್ಲಿ ಸವಾರಿ ಮಾಡುತ್ತ ತಿರುಗಿಸಬಾರದು, ಇಳಿದು ತಳ್ಳಬೇಕು ಎಂಬುದನ್ನು ಅಂದು ಕಲಿತೆ. ಮ್ಯಾನ್ಷನ್ನಿನಲ್ಲಿ ಇರುವವರು ಇನ್ನೊಂದು ಖರ್ಚನ್ನೂ ನೆನಪಿಡಬೇಕು: ಬಂಡಿಗೂ ಬಾಡಿಗೆ ಕೋಣೆ ಬೇಕು. ಪಕ್ಕದ ಮನೆಯ ಜಗಲಿಯ ಕೆಳಗೆ ನಿಲ್ಲಿಸಲು ತಿಂಗಳಿಗೆ ಐನೂರು ಕೊಡುತ್ತೇನೆ.

ಮೊದಲ 500 ಕಿಲೋಮೀಟರನ್ನು ಗಿರಣಿಗೆ ಹೋಗಿಬರುವುದರಲ್ಲೇ ಮೆಲ್ಲಗೆ ಮುಗಿಸಿ, ಎಣ್ಣೆ ಬದಲಿಸಿ, ಜನವರಿಯ ಸಂಕ್ರಾಂತಿಗೆ ಊರಿಗೆ ಹೊರಟೆ. ನನ್ನದು ಶಿರಾದಿಂದ ಹಿರಿಯೂರಿನ ಕಡೆಗೆ ಇರುವ ಹಳ್ಳಿ. ಇಲ್ಲಿಂದ ಬೆಂಗಳೂರಿಗೆ ಸುಮಾರು 345 ಕಿಲೋಮೀಟರು, ಅಲ್ಲಿಂದ ಮುಂದೆ ಇನ್ನೂ 120ರ ಮೇಲೆ. ಬೆಳಗಿನ ಜಾವ ಐದೂವರೆಗೆ ಮೌಂಟ್ ರೋಡು ಹಿಡಿದೆ. ಶ್ರೀಪೆರಂಬುದೂರಿನಲ್ಲಿ ಸೂರ್ಯೋದಯ. ವಾಲಾಜಾಪೇಟೆ, ವೇಲೂರು, ಅಲ್ಲಿ ಇಡ್ಲಿ. ಆಂಬೂರು, ವಾಣಿಯಂಬಾಡಿಯವರೆಗೂ ಪಾಲಾರ್ ನದಿಯ ಜಾಡು ಆಗಾಗ ಜೊತೆಗೆ ಬರುತ್ತದೆ. ಕೃಷ್ಣಗಿರಿ ದಾಟಿದ ಮೇಲೆ ರಸ್ತೆ ಏರತೊಡಗುತ್ತದೆ. ಸಮುದ್ರದ ದಂಡೆಯಿಂದ ಹೊರಟವನು ಹೊಸೂರಿನಲ್ಲಿ ಸುಮಾರು 900 ಮೀಟರು ಮೇಲಿರುತ್ತಾನೆ. ಬಸ್ಸಿನಲ್ಲಿ ನಿದ್ದೆ ಮಾಡುತ್ತ ನೂರು ಸಲ ಈ ದಾರಿಯಲ್ಲಿ ಹೋಗಿದ್ದೇನೆ. ಗಾಳಿ ತಣ್ಣಗಾಗುವುದನ್ನು ಮುಖದ ಮೇಲೆ ಅರಿತದ್ದು ಇದೇ ಮೊದಲು. ಹೊಸೂರಿನ ಬಳಿ ಒಂದು ಚಹದ ಅಂಗಡಿಯಲ್ಲಿ ಯಾರೋ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಜಗಳವಾದರೇನು, ಕಿವಿಗೆ ಹಿತವಾಯಿತು.

ಬೆಂಗಳೂರನ್ನು ಹಾಯಲು ಎರಡು ಗಂಟೆಯ ಮೇಲೆ ಹಿಡಿಯಿತು. ಅದರ ವರ್ಣನೆ ಬೇಡ. ಸಂಜೆ ಐದಕ್ಕೆ ಮನೆಯ ಮುಂದೆ ನಿಂತೆ. ಮೈಕೈ ಹೇಗಿತ್ತು ಎಂದರೆ, ಕೈಗೆ ನೋವಿಲ್ಲ, ಭುಜಕ್ಕೆ ನೋವಿಲ್ಲ. ಬೆನ್ನಿನ ತಳಕ್ಕೆ ಮಾತ್ರ ನೋವು. ಕಾಲು ಮುಂದೆ ಚಾಚಿ ಕೂರುವ ಯಾವುದೇ ಬಂಡಿಯಲ್ಲಿ ಗುಂಡಿ ಬಿದ್ದಾಗ ಕಾಲೂರಿ ಮೇಲೇಳಲು ಆಗುವುದಿಲ್ಲ. ಪೆಟ್ಟು ನೇರವಾಗಿ ಬೆನ್ನಿಗೇ. ಗಂಟೆಗೊಮ್ಮೆ ಇಳಿದು ಹತ್ತು ಹೆಜ್ಜೆ ನಡೆದರೆ ಸಹಿಸಬಹುದು. ಹ್ಯಾಂಡಲಿನ ಮೇಲಿರುವ ದಾರಿ ತೋರಿಸುವ ಸಣ್ಣ ಗಡಿಯಾರದಂಥ ಸಾಧನ ಫೋನಿಗೆ ಜೋಡಿಸಿದರೆ ಕೆಲಸ ಮಾಡುತ್ತದೆ. ನನಗೆ ಬೆಂಗಳೂರಿನಲ್ಲಿ ಬಿಟ್ಟರೆ ಬೇರೆಲ್ಲೂ ಬೇಕಾಗಲಿಲ್ಲ.

ಪೆಟ್ರೋಲಿನ ಲೆಕ್ಕ: 470 ಕಿಲೋಮೀಟರಿಗೆ ಹದಿಮೂರೂವರೆ ಲೀಟರು, ಲೀಟರಿಗೆ ಸುಮಾರು 35. ತೊಟ್ಟಿ 15 ಲೀಟರಿನದು, ಆದ್ದರಿಂದ ತುಂಬಿಸಿ ಹೊರಟರೆ ಊರು ಮುಟ್ಟುತ್ತದೆ; ಆದರೂ ನಡುವೆ ಒಮ್ಮೆ ಹಾಕಿಸಿಕೊಳ್ಳಿ. ಲೀಟರಿಗೆ ನೂರು ರೂಪಾಯಿಯ ಮೇಲೆ ಇರುವಾಗ ಒಂದು ಕಡೆಗೆ 1,400 ರೂಪಾಯಿ, ತಿಂಡಿ ಬೇರೆ. ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ನಮಗೆ ಸುಂಕವಿಲ್ಲ ಎಂಬುದೊಂದೇ ಉಳಿತಾಯ. ಬಸ್ಸಿಗಿಂತ ಅಗ್ಗ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಬ್ಬನೇ ಹೋಗುವವನಿಗೆ ಬಸ್ಸೇ ಅಗ್ಗ, ಬಸ್ಸಿನಲ್ಲಿ ನಿದ್ದೆಯೂ ಉಂಟು. ಮೈಸೂರಿನ ಕಡೆಯವರು ಇನ್ನೊಂದನ್ನು ತಿಳಿದಿರಬೇಕು: ಬೆಂಗಳೂರು-ಮೈಸೂರು ಹೆದ್ದಾರಿಯ ನಡುವಿನ ವೇಗದ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಮೋಟಾರು ಸೈಕಲ್ಲಿಗೆ ಪ್ರವೇಶವಿಲ್ಲ, ಪಕ್ಕದ ರಸ್ತೆಯಲ್ಲೇ ಹೋಗಬೇಕು. ಬಂಡಿಯನ್ನು ಊರಲ್ಲೇ ತಮ್ಮನಿಗೆ ಬಿಟ್ಟುಬರೋಣ ಎನ್ನುವವರು, ಹನ್ನೆರಡು ತಿಂಗಳು ಮೀರಿದರೆ ಅಲ್ಲಿಯ ನೋಂದಣಿ ಮಾಡಿಸಬೇಕೆಂಬ ಕಾನೂನನ್ನು ನೆನಪಿಡಿ.

ಹಾಗಾದರೆ ಅಗ್ಗವಲ್ಲದ್ದನ್ನು ಏಕೆ ಕೊಂಡೆ? ಇದನ್ನು ಹೇಳಲು ನನಗೆ ಸ್ವಲ್ಪ ಸಂಕೋಚ. 2023ರ ದೀಪಾವಳಿಯ ಹಿಂದಿನ ರಾತ್ರಿ ತಂದೆಯವರು ಹೋದರೆಂದು ಫೋನು ಬಂತು. ಹಬ್ಬದ ಗದ್ದಲ, ಯಾವ ಬಸ್ಸಿನಲ್ಲೂ ಜಾಗವಿಲ್ಲ. ರೈಲಿನ ಸಾಮಾನ್ಯ ಡಬ್ಬಿಯಲ್ಲಿ ಬಾಗಿಲ ಬಳಿ ನಿಂತು ಬೆಂಗಳೂರು ಸೇರಿ, ಅಲ್ಲಿಂದ ಎರಡು ಬಸ್ಸು ಬದಲಿಸಿ ಹಳ್ಳಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬೂದಿ ಕೂಡ ಆರಿತ್ತು. ಅಂದಿನಿಂದ, ಕರೆ ಬಂದರೆ ಯಾರನ್ನೂ ಕೇಳದೆ ಹೊರಡುವ ಒಂದು ವಾಹನ ನನ್ನ ಬಳಿ ಇರಬೇಕು ಎಂಬ ಯೋಚನೆ ತಲೆಯಲ್ಲಿ ಕೂತುಬಿಟ್ಟಿತು. ನಿಮ್ಮಲ್ಲಿ ಹಲವರ ತಲೆಯಲ್ಲಿಯೂ ಅದು ಕೂತಿದೆ ಎಂದು ನಿಮ್ಮ ಪ್ರಶ್ನೆಗಳಿಂದಲೇ ನನಗೆ ಗೊತ್ತು.

ತಾಯಿ ಬಂಡಿಯ ಸುತ್ತ ಒಂದು ಸುತ್ತು ಬಂದು ಕೇಳಿದ ಮೊದಲ ಮಾತು, "ಎಷ್ಟು ಕಂತು?" ಎರಡನೆಯದು, "ಸೂರಿನ ದುಡ್ಡೇ?" ನಾನು ಸುಮ್ಮನಿದ್ದೆ. ಅವರೂ ಆ ದಿನ ಮತ್ತೇನೂ ಕೇಳಲಿಲ್ಲ. ಮಾರನೆಯ ದಿನ ತಾವಾಗಿಯೇ, "ಮಾರಿಕಣಿವೆಗೆ ಕರೆದುಕೊಂಡು ಹೋಗುತ್ತೀಯಾ?" ಎಂದರು. ವಾಣಿವಿಲಾಸ ಸಾಗರ ನಮ್ಮ ಹಳ್ಳಿಗೆ ಐವತ್ತು ಕಿಲೋಮೀಟರಿನೊಳಗೆ. 1907ರಲ್ಲಿ ಮುಗಿದ ಕಟ್ಟೆ; 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ 2022ರ ಸೆಪ್ಟೆಂಬರಿನವರೆಗೆ, 89 ವರ್ಷ, ಕೋಡಿ ಬೀಳಲಿಲ್ಲ. ಇಡೀ ಸೀಮೆಯ ಜನ ನೋಡಲು ಹೋದಾಗ ತಂದೆಗೆ ಕಾಲುನೋವು, ಇವರು ಹೋಗಲಿಲ್ಲ.

ಹೆಲ್ಮೆಟ್ಟು ಹಾಕಿದಾಗ ನಕ್ಕುಬಿಟ್ಟರು. ಸೀರೆಯುಟ್ಟು ಒಂದೇ ಕಡೆಗೆ ಕಾಲಿಟ್ಟು ಕೂತರು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಸಿದೆ. ಬೆನ್ನಿಗೆ ಒರಗು ಇದ್ದರೂ ಪಕ್ಕಕ್ಕೆ ಕೂತವರಿಗೆ ಅದರಿಂದ ಪ್ರಯೋಜನವಿಲ್ಲ, ಆ ಹಣ ದಂಡ. ಐವತ್ತನ್ನು ಮೀರದೆ, ಮೂರು ಕಡೆ ನಿಲ್ಲಿಸಿ ಹೋದೆ. ಕಟ್ಟೆಯ ಮೇಲೆ ಗಾಳಿಯಲ್ಲಿ ನಿಂತು ಬಹಳ ಹೊತ್ತು ನೀರು ನೋಡಿದರು. ಆಮೇಲೆ ಅವರೇ ಮಾತೆತ್ತಿದರು: "ಆವತ್ತು ಈ ಗಾಡಿ ಇದ್ದಿದ್ದರೆ ನೀನು ರಾತ್ರಿಯೆಲ್ಲ ಅಳುತ್ತ ಓಡಿಸಿಕೊಂಡು ಬರುತ್ತಿದ್ದೆ. ಇಲ್ಲದ್ದೇ ಒಳ್ಳೆಯದಾಯಿತು. ನನ್ನ ಸರದಿ ಬಂದಾಗಲೂ ಬಸ್ಸಿಗೇ ಬಾ. ತಡವಾದರೆ ಆಗಲಿ."

ಎಂಥ ಕಾರಣಕ್ಕೆ ಕೊಂಡೆನೋ ಆ ಕಾರಣವನ್ನೇ ಅವರು ಒಂದು ಮಾತಿನಲ್ಲಿ ಕಿತ್ತುಹಾಕಿದರು. ನಾನು ಮಾತು ಕೊಟ್ಟೆ. ಬಂಡಿ ರಾತ್ರಿ ಹೆದ್ದಾರಿಗೆ ಇಳಿಯುವುದಿಲ್ಲ. ಹಗಲು, ಪುರುಸೊತ್ತಿನಲ್ಲಿ, ನಿದ್ದೆ ಮಾಡಿ ಎದ್ದ ಮೇಲೆ. ಇನ್ನು ಸೂರಿಗೆ ಈ ಮಳೆಗಾಲಕ್ಕೆ ತಾಡಪಾಲು ಹೊದೆಸಿ ಬಂದಿದ್ದೇನೆ. ಗಿರಣಿಯ ಬೋನಸ್ಸು ಬಂದರೆ ಅದಕ್ಕೇ ಎಂದು ಬರೆದಿಟ್ಟಿದ್ದೇನೆ. ಅಲ್ಲಿಯವರೆಗೆ ಎರಡನೆಯ ಪ್ರಯಾಣವಿಲ್ಲ. ಸದ್ಯ ಬಂಡಿ ಗಿರಣಿಗೂ ಮನೆಗೂ ಓಡಾಡಿಕೊಂಡಿದೆ.

ನೋಡಬೇಕೆನ್ನುವವರು ಸಭೆ ಮುಗಿದ ಮೇಲೆ ಕೆಳಗೆ ಬರಬಹುದು. ಕೂತು ನೋಡಿ, ಅಡ್ಡಿಯಿಲ್ಲ, ಒಬ್ಬೊಬ್ಬರಾಗಿ ಮಾತ್ರ. ಸೈಲೆನ್ಸರು ಬಿಸಿಯಾಗಿದೆ, ಪಂಚೆ ಉಟ್ಟವರು ಎಚ್ಚರಿಕೆ. ಮತ್ತು ಈ ವಾರದ ವಾರಪತ್ರಿಕೆಯನ್ನು ಯಾರೋ ಮನೆಗೆ ಒಯ್ದಿದ್ದೀರಿ, ದಯವಿಟ್ಟು ನಾಳೆ ತಂದಿಡಿ.