ನಲ್ಲಿಯ ಭಾಷೆ, ಕೋಣೆಯ ಭಾಷೆ

ಭಾರತವೆಂಬ ದೇಶವನ್ನು ನಾನು ಮೊದಲು ಕಂಡದ್ದು ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ವಸತಿ ಬಡಾವಣೆಯಲ್ಲಿ. ನಮ್ಮ ತಂದೆ ಅಲ್ಲಿ ಲೇತ್ ಯಂತ್ರದ ಕೆಲಸಗಾರರು. ಎಡಮನೆಯವರು ತಮಿಳರು, ಬಲಮನೆಯವರು ಮಲೆಯಾಳಿಗಳು, ಎದುರಿಗೆ ಬಂಗಾಳದಿಂದ ಬಂದ ಫೋರ್‌ಮನ್ನರ ಸಂಸಾರ. ಬೀದಿಯ ನಲ್ಲಿಯ ಮುಂದೆ ಹೆಂಗಸರು ಆಡುತ್ತಿದ್ದ ಭಾಷೆಗೆ ಯಾವ ವೈಯಾಕರಣನೂ ಹೆಸರಿಟ್ಟಿಲ್ಲ. ಕನ್ನಡ ಅಧ್ಯಾಪಕನಾದ ಮೇಲೂ ನನಗೆ ಅದರ ಮೋಹ ಬಿಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಸ್ವತಂತ್ರ ಭಾರತದ ದೊಡ್ಡ ಕನಸುಗಳಲ್ಲಿ ಇಂಥ ಬಡಾವಣೆಗಳೂ ಸೇರಿದ್ದವು. 1940ರ ವಿಮಾನ ಕಾರ್ಖಾನೆಯ ಬೆನ್ನಿಗೆ 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಬಂದವು. ಮೈಸೂರು ಅರಸರ ಪೇಟೆಯೂ ಬ್ರಿಟಿಷರ ದಂಡೂ ಒಂದೇ ನಗರಾಡಳಿತಕ್ಕೆ ಸೇರಿದ್ದು 1949ರಲ್ಲಿ. ಕಾಗದದ ಮೇಲೆ ಒಂದಾದ ಊರು ನಾಲಗೆಯ ಮೇಲೆ ಒಂದಾಗಿರಲಿಲ್ಲ. ಕಾರ್ಖಾನೆಯೊಳಗೂ ಅಷ್ಟೇ, ಯಂತ್ರದ ಬಳಿ ಕನ್ನಡ, ತಮಿಳು, ತೆಲುಗು, ಮೇಲಧಿಕಾರಿಯ ಕೋಣೆಯಲ್ಲಿ ಇಂಗ್ಲಿಷು. ತಂದೆಯವರು ಬಡ್ತಿಯ ಅರ್ಜಿಯನ್ನು ನನ್ನಿಂದ ಬರೆಸುತ್ತಿದ್ದರು. ಹತ್ತನೆಯ ತರಗತಿಯ ಹುಡುಗನ ಹರಕು ಇಂಗ್ಲಿಷಿನ ಮುಂದೆ ಇಪ್ಪತ್ತು ವರ್ಷದ ಕೈಕುಶಲತೆ ಕೈಕಟ್ಟಿ ನಿಲ್ಲುತ್ತಿತ್ತು.

1980ರ ಡಿಸೆಂಬರಿನಲ್ಲಿ ಮುಷ್ಕರ ಹೂಡಿ, ನಗರದ ಸಾರ್ವಜನಿಕ ಉದ್ದಿಮೆಗಳ ಲಕ್ಷಕ್ಕೂ ಮಿಕ್ಕ ಕಾರ್ಮಿಕರು 77 ದಿನ ಹೊರಗುಳಿದರು. ನಮ್ಮ ಬೀದಿಯಲ್ಲಿ ಅಕ್ಕಿ ಕಡ ಕೊಡುವಾಗ ಯಾರೂ ಮಾತೃಭಾಷೆ ಕೇಳಲಿಲ್ಲ. ಮಾರ್ಚಿನಲ್ಲಿ ಎಲ್ಲರೂ ಸೋತ ಮುಖದಿಂದ ಗೇಟಿನೊಳಕ್ಕೆ ಹೋದರು.

ಮರುವರ್ಷ, 1982ರಲ್ಲಿ, ಗೋಕಾಕ್ ಚಳವಳಿ. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂಬ ಬೇಡಿಕೆಗೆ ಡಾ. ರಾಜ್‌ಕುಮಾರ್ ದನಿಗೂಡಿಸಿದಾಗ, ಮುಷ್ಕರದಲ್ಲಿ ಬಾಗಿದ್ದ ತಂದೆಯವರ ಬೆನ್ನು ನೆಟ್ಟಗಾಯಿತು. ಎಂ.ಎ. ವಿದ್ಯಾರ್ಥಿಯಾಗಿದ್ದ ನಾನೂ ಅವರೊಡನೆ ಸಭೆಗೆ ಹೋದೆ. ಎಡಮನೆಯವರು ಬರಲಿಲ್ಲ, ಅವರ ಮಕ್ಕಳು ಶಾಲೆಯಲ್ಲಿ ತಮಿಳು ಓದುತ್ತಿದ್ದರು. ಯಾರೂ ಯಾರನ್ನೂ ಬೈಯಲಿಲ್ಲ. ನಲ್ಲಿಯ ಬಳಿ ಮಾತು ಕಡಿಮೆಯಾಯಿತು.

ಕನ್ನಡಕ್ಕೆ ಅದರ ನೆಲದಲ್ಲಿ ಅಗ್ರಸ್ಥಾನ ಸಲ್ಲಬೇಕೆಂದು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆದರೆ ತಂದೆಯವರನ್ನು ಕುಗ್ಗಿಸಿದ್ದು ಎಡಮನೆಯ ತಮಿಳಲ್ಲ, ಮೇಲಿನ ಕೋಣೆಯ ಇಂಗ್ಲಿಷು. ಆ ಕೋಣೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಎಡಮನೆಯ ಬಾಗಿಲು ಹತ್ತಿರದಲ್ಲಿತ್ತು. ಇದನ್ನು ಆ ದಿನ ಸಭೆಯಿಂದ ಮರಳುವಾಗಲೇ ತಂದೆಯವರಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ.

ಕಳೆದ ವರ್ಷ ಎಡಮನೆಯವರ ಹಿರಿಯ ಮಗ ಸಂಸಾರಸಮೇತ ನಮ್ಮ ಮನೆಗೆ ಬಂದಿದ್ದ. ನಾವಿಬ್ಬರೂ ಆ ಹಳೆಯ ನಲ್ಲಿಯ ಭಾಷೆಯಲ್ಲಿಯೇ ಹರಟುತ್ತ ಕುಳಿತೆವು. ನಮ್ಮ ಮೊಮ್ಮಕ್ಕಳು ಒಳಗೆ ಇಂಗ್ಲಿಷಿನಲ್ಲಿ ಆಡಿಕೊಳ್ಳುತ್ತಿದ್ದರು.